ಕ್ಷಮಿಸದ ರಕ್ತ

ಮೂಡುಬಿದಿರೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಸಂಪತ್‌ಕುಮಾರರಿಗೆ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ, ಕುತ್ತಿಗೆಯಲ್ಲಿ ಸಣ್ಣಂದಿನಿಂದಲೂ ತುರಿಕೆ. ಎರಡು ಸಾವಿರದ ನಾಲ್ಕರ ಹೊತ್ತಿಗೆ ಅದು ಜೋರಾಗಿ ಗಾಯವಾಗತೊಡಗಿತು. ಮೀನು ಬಿಡಿ, ಮೊಟ್ಟೆ ಬಿಡಿ ಎಂದು ಗಿರಾಕಿಗಳು ಪಥ್ಯ ಹೇಳಿದರು. ಕಟ್ಟುನಿಟ್ಟಿನ ಜೈನರಾದ ಅವರು ಈರುಳ್ಳಿ, ಬಟಾಟೆ ಕೂಡ ಮುಟ್ಟಿದವರಲ್ಲ. ಬಿಡಲಿಕ್ಕೆ ಏನೂ ಉಳಿದಿರಲಿಲ್ಲ.

ಕಡೆಗೆ ಹೆಂಡತಿ ಕಮಲಾವತಿ ಅವರನ್ನು ಬಂಟ್ವಾಳದ ಚರ್ಮದ ಡಾಕ್ಟರ್ ಝುಬೈರ್ ಅವರಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು.

"ರಕ್ತದಲ್ಲಿ ಐಜಿಇ ಅಂತ ಅಲರ್ಜಿಯ ಲೆಕ್ಕ ಒಂದು ಉಂಟು. ನೂರರ ಆಸುಪಾಸು ಇರಬೇಕಾದದ್ದು ನಿಮಗೆ ಎರಡು ಸಾವಿರ ದಾಟಿದೆ," ಎಂದರು. "ಮೈಯ ಕಾವಲು ಪಡೆ ಬೇಡದ ಕಡೆ ಯುದ್ಧ ಮಾಡ್ತಾ ಉಂಟು."

"ಯಾರ ಮೇಲೆ?"

"ಹಾಸಿಗೆ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವೆ. ನಿಮ್ಮ ರಕ್ತಕ್ಕೆ ಅವುಗಳ ಮೇಲೆ ಸಿಟ್ಟು ಹೆಚ್ಚು."

ಜೀವಹಿಂಸೆ ಆದೀತೆಂದು ಕತ್ತಲಾದ ಮೇಲೆ ಊಟವನ್ನೇ ಮಾಡದ ಸಂಪತ್‌ಕುಮಾರರ ಮುಖ ಬಾಡಿತು.

"ಚಾದರ, ಹೊದಿಕೆ ವಾರಕ್ಕೊಮ್ಮೆ ಕುದಿವ ನೀರಿನಲ್ಲಿ ನೆನೆಸಿ ಒಗೆಯಬೇಕು. ಹುಳ ಸಾಯ್ತವೆ. ಮುಲಾಮೂ ಕೊಡ್ತೇನೆ."

"ಮುಲಾಮು ಕೊಡಿ ಡಾಕ್ಟ್ರೇ. ಇನ್ನೊಂದು ನಮ್ಮಿಂದ ಆಗುವುದಿಲ್ಲ."

ಅಂದಿನಿಂದ ಅವರು ಮಲಗುವ ಮುಂಚೆ ಹಾಸಿಗೆಯ ಬದಿಯಲ್ಲಿ ಕೂತು, ತಮ್ಮ ರಕ್ತ ಮಾಡುವ ತಪ್ಪಿಗೆ ಆ ಹುಳಗಳ ಕ್ಷಮೆ ಬೇಡತೊಡಗಿದರು. ಕಮಲಾವತಿ ಮಾತ್ರ ಡಾಕ್ಟರ ಮಾತನ್ನು ಮರೆತಿರಲಿಲ್ಲ. ಗಂಡ ಅಂಗಡಿಗೆ ಹೋದ ಮೇಲೆ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿದರು. ಮೊದಲ ಸಲ ಚಾದರದ ಮೇಲೆ ಕುದಿನೀರು ಹೊಯ್ಯಲು ಹೋಗಿ ತಂಬಿಗೆ ಕೆಳಗಿಟ್ಟರು. ಗಂಡ ರಾತ್ರಿಯಿಡೀ ಕೆರೆದುಕೊಳ್ಳುವ ಸದ್ದು ನೆನಪಾಗಿ ಹೊಯ್ದೇಬಿಟ್ಟರು. ವಾರವಾರವೂ ಹೀಗೆ ಒಗೆದು, ಸಂಜೆಯೊಳಗೆ ಒಣಗಿಸಿ, ಮೊದಲಿನ ಹಾಗೆಯೇ ಹಾಸಿಡುತ್ತಿದ್ದರು.

ಕೆಲವು ತಿಂಗಳಲ್ಲಿ ಗಾಯ ಮಾಯಿತು. ಕ್ಷಮೆ ಕೇಳಿದರೆ ಕಾಯಿಲೆಯೂ ಕೇಳ್ತದೆ ಎಂದು ಸಂಪತ್‌ಕುಮಾರರು ಗಿರಾಕಿಗಳಿಗೆಲ್ಲ ಹೇಳಿದರು. ರಕ್ತವೂ ಶಾಂತವಾಗಿರಬೇಕೆಂದು ತಾವಾಗಿಯೇ ಮತ್ತೆ ಪರೀಕ್ಷೆ ಮಾಡಿಸಿದರು. ಐಜಿಇ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಚೀಟಿ ಹಿಡಿದು ಗಂಡ ಹೆಂಡತಿ ಮತ್ತೆ ಬಂಟ್ವಾಳಕ್ಕೆ ಹೋದರು.

"ಚರ್ಮ ಚೆಂದ ಆಗಿದೆಯಲ್ಲ, ಅಷ್ಟು ಸಾಕು. ಈ ಲೆಕ್ಕ ಬೇಗ ಇಳಿಯುವಂಥದ್ದಲ್ಲ," ಎಂದರು ಡಾಕ್ಟರು.

"ಅಂದ್ರೆ ಹುಳಗಳು ನನ್ನನ್ನು ಕ್ಷಮಿಸಿವೆ. ನನ್ನ ರಕ್ತವೇ ಇನ್ನೂ ಅವುಗಳನ್ನು ಕ್ಷಮಿಸಿಲ್ಲ," ಎಂದು ಸಂಪತ್‌ಕುಮಾರರು ನಿಟ್ಟುಸಿರು ಬಿಟ್ಟರು.

ಡಾಕ್ಟರ ಕಣ್ಣು ಕಮಲಾವತಿಯ ಕೈ ಮೇಲೆ ಬಿತ್ತು. ಬೆರಳುಗಳು ಕೆಂಪಾಗಿ ಬಿರುಕು ಬಿಟ್ಟಿದ್ದವು.

"ಇದೆಂತದು ಅಮ್ಮ?"

"ಪಾತ್ರೆ ತೊಳೆದದ್ದು," ಎಂದು ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಡಾಕ್ಟರಿಗೆ ಅರ್ಥವಾಯಿತು. ಸುಮ್ಮನೆ ಇನ್ನೊಂದು ಮುಲಾಮು ಬರೆದು, ಬಿಸಿನೀರಿಗೆ ಬರಿಗೈ ಹಾಕಬೇಡಿ ಎಂದರು.

ಬಸ್ಸಿನಲ್ಲಿ ಸಂಪತ್‌ಕುಮಾರರು ಕನಿಕರದಿಂದ ಹೇಳಿದರು: "ಇವತ್ತಿನಿಂದ ನೀನೂ ನನ್ನ ಜೊತೆ ಕೂತು ಕ್ಷಮೆ ಕೇಳು ಕಮಲ. ಗುಣ ಆಗ್ತದೆ."

ಆಕೆ ಕೂತರು. ಅವರು ಮುಗಿಸಿ ಮಲಗಿದ ಮೇಲೂ ಆಕೆಯದು ಮುಗಿದಿರಲಿಲ್ಲ. ಬೆಳಿಗ್ಗೆ ಪೇಟೆಗೆ ಹೋಗಿ ರಬ್ಬರ್ ಗ್ಲೌಸ್ ತಂದರು.