ಸಲಿಕೆಯ ಹಿಡಿಯ ಮೇಲಿನ ಹೆಸರು

ಲೊರೀನ್ ಒಂದು ಕಾಲಿಗೆ ಕಪ್ಪು ಶೂ ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲು ತೆಗೆದಳು. ಮೆಟ್ಟಿಲ ಮೇಲೆ ಪಾರ್ಸಲ್ ಗಾಡಿಯವನು ನಿಂತಿದ್ದ.

“ವರ್ಲಿನ್ ಶ್ರಾಗ್ ಅವರಿಗೆ ಬಂದಿದೆ. ಬೆಂಕಿ ಹತ್ಕೊಳ್ಳೋ ಸಾಮಾನು. ದೊಡ್ಡವರ ಸಹಿ ಬೇಕು.”

“ಅವರು ಚರ್ಚಲ್ಲಿದ್ದಾರೆ. ನಾನೇ ಹಾಕ್ತೀನಿ ಕೊಡಿ.”

ಸುಳ್ಳೇನಲ್ಲ. ನಿನ್ನೆ ಸಂಜೆಯಿಂದ ವರ್ಲಿನ್ ಚರ್ಚಿನಲ್ಲೇ, ಪೆಟ್ಟಿಗೆಯೊಳಗೆ ಮಲಗಿದ್ದ.

“ಇಪ್ಪತ್ತೊಂದು ತುಂಬಿದೆಯಾ ಅಂತ ಕೇಳ್ಬೇಕಂತೆ. ಬೇಜಾರು ಮಾಡ್ಕೋಬೇಡಿ.”

“ಮೊನ್ನೆ ತಾನೇ ತುಂಬ್ತು,” ಎಂದಳು ಎಪ್ಪತ್ತಮೂರರ ಲೊರೀನ್.

ಅವನು ನಗಲು ಹೊರಟು, ಅವಳ ಕಪ್ಪು ಉಡುಪು ನೋಡಿ ನಗುವನ್ನು ಅರ್ಧಕ್ಕೇ ನಿಲ್ಲಿಸಿದ. ಟೋಪಿ ತೆಗೆದು ಏನೋ ಗೊಣಗಿ ಗಾಡಿ ಹತ್ತಿದ.

ಡಬ್ಬದಲ್ಲಿ ಏನಿದೆ ಎಂದು ಬಿಚ್ಚದೆಯೇ ಅವಳಿಗೆ ಗೊತ್ತಿತ್ತು. ವರ್ಲಿನ್ ಹವ್ಯಾಸಕ್ಕೆ ಹಾರಿಸುತ್ತಿದ್ದ ರಾಕೆಟ್ಟುಗಳ ಮೋಟರ್ ಎಂದರೆ ಒಂದು ಅಲ್ಯೂಮಿನಿಯಂ ಕೊಳವೆ. ಕೊಳವೆ ಶಾಶ್ವತ, ಒಳಗಿನ ಸರಕು ಒಂದೇ ಹಾರಾಟಕ್ಕೆ. ಪ್ರತಿ ಸಲವೂ ಹೊಸ ರೀಲೋಡ್ ಕಿಟ್ ತಂದು ತುಂಬಬೇಕು. ಅವನ ಮೊದಲ ಕೊಳವೆಗೆ ಹೊಂದುವ ಕಿಟ್ ಮಾಡುವುದನ್ನು ಕಂಪನಿಯವರು ಎಂದೋ ನಿಲ್ಲಿಸಿದ್ದರು. ಈ ಸೆಪ್ಟೆಂಬರಿನಲ್ಲಿ ಅದೇ ಅಳತೆಗೆ ಹೊಸ ಕಿಟ್ ಬರುತ್ತದೆ, ಅದೂ ಹಸಿರು ಜ್ವಾಲೆಯದು ಎಂಬ ಸುದ್ದಿ ಬಂದಾಗ ಅವನು ಊಟ ಬಿಟ್ಟೆದ್ದು ಆರ್ಡರ್ ಮಾಡಿದ್ದ. ಮೊನ್ನೆ ಸೋಮವಾರ ಮಧ್ಯಾಹ್ನ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಲೋಟದಲ್ಲಿ ಅರ್ಧ ಕಾಫಿ ಉಳಿದಿತ್ತು.

“ಏನೇ ಅದು?” ಎನ್ನುತ್ತ ಆರ್ಡಿಸ್ ಒಳಗಿಂದ ಬಂದಳು. ಅವಳು ವರ್ಲಿನ್‌ನ ತಂಗಿ, ಲೊರೀನ್‌ಳನ್ನು ಕಾರಿನಲ್ಲಿ ಕರೆದೊಯ್ಯಲು ಬಂದಿದ್ದಳು.

“ಮೋಟರ್ ಸಾಮಾನು.”

“ಸತ್ತ ಮೇಲೂ ತರಿಸ್ಕೊಳ್ಳೋದು ಬಿಡ್ಲಿಲ್ವಾ ನನ್ನಣ್ಣ!”

ಅಷ್ಟರಲ್ಲಿ ನಮ್ಮ ರಾಕೆಟ್ ಕ್ಲಬ್ಬಿನ ಅಧ್ಯಕ್ಷ ಗೇಲನ್ ಗ್ಯಾರೇಜಿನ ಕಡೆಯಿಂದ ಬಂದ. ಮದುವೆಗೆ ಹೊಲಿಸಿದ ಕೋಟನ್ನು ಕಷ್ಟಪಟ್ಟು ತೊಟ್ಟಿದ್ದ. ಕೈಯಲ್ಲಿ ಸಲಿಕೆ.

“ಲೊರೀನ್, ಮಣ್ಣು ಹಾಕೋಕೆ ಇದನ್ನೇ ತಗೊಂಡು ಹೋಗ್ಲಾ? ಎಲ್ರೂ ಹಾಗೇ ಅಂತಿದ್ದಾರೆ. ನೀವು ಬೇಡ ಅಂದ್ರೆ ಇಲ್ಲ.”

ಆ ಸಲಿಕೆ ಇಪ್ಪತ್ತಾರು ವರ್ಷ ಅವರ ಗ್ಯಾರೇಜಿನ ಗೋಡೆಯಲ್ಲಿ ನೇತಾಡಿತ್ತು. ನಮ್ಮ ಕ್ಲಬ್ಬಿನ ಪದ್ಧತಿ ಇಷ್ಟೇ: ಯಾರ ರಾಕೆಟ್ ಪ್ಯಾರಾಚೂಟಿನ ಕೊಡೆ ಬಿಚ್ಚದೆ ನೆಟ್ಟಗೆ ಬಂದು ನೆಲಕ್ಕೆ ನಾಟುತ್ತದೋ ಅವರೇ ಅಗೆದು ತೆಗೆಯಬೇಕು, ಎಷ್ಟು ಆಳ ಎಂದು ಅಳೆಯಬೇಕು, ಅದಕ್ಕಿಂತ ಆಳಕ್ಕೆ ಇನ್ನೊಬ್ಬರದ್ದು ನಾಟುವವರೆಗೂ ಸಲಿಕೆ ಅವರ ಮನೆಯಲ್ಲಿರಬೇಕು. ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ವರ್ಲಿನ್ ಶ್ರಾಗ್, ನಾಲ್ಕು ಅಡಿ ಮೂರು ಇಂಚು. ಆ ಆಳವನ್ನು ಇವತ್ತಿನವರೆಗೂ ಯಾರೂ ಮೀರಿಸಿಲ್ಲ.

ಲೊರೀನ್ ಹಿಡಿಯನ್ನು ಸ್ವಲ್ಪ ಹೊತ್ತು ನೋಡಿದಳು. “ತಗೊಂಡು ಹೋಗು,” ಎಂದಳು.

ಗೇಲನ್‌ನ ಕಣ್ಣು ಮೇಜಿನ ಮೇಲಿನ ಡಬ್ಬಕ್ಕೆ ಹೋಯಿತು. “ಬಂತಾ! ಅಯ್ಯೋ, ನಾಲ್ಕು ದಿನ ಮುಂಚೆ ಬರಬಾರದಿತ್ತಾ,” ಎಂದು ಮುಖ ಆ ಕಡೆ ತಿರುಗಿಸಿದ. ಆಮೇಲೆ, “ಊಟ ಆದ್ಮೇಲೆ ಹಾರಿಸೋಣ್ವಾ? ನಾನು ಕಟ್ಕೊಡ್ತೀನಿ.”

“ಹಾರಿಸೋರೇ ಕಟ್ಬೇಕು ಅಂತ ತಾನೇ ನಿಮ್ಮ ನಿಯಮ? ನಾನೇ ಕಟ್ತೀನಿ, ನಾನೇ ಹಾರಿಸ್ತೀನಿ.”

“ನೀವಾ? ಆಗ್ಲಿ. ಆದ್ರೆ ವರ್ಲಿನ್ ಮಾಡ್ಬೇಡಿ...” ಬಾಯಿಂದ ಬಿದ್ದ ಮೇಲೆ ಗೇಲನ್ ನಾಲಿಗೆ ಕಚ್ಚಿಕೊಂಡ. ಕಿಟ್ಟಿನ ಜೊತೆ ಪುಟ್ಟ ಶೀಶೆಯಲ್ಲಿ ಕರಿಪುಡಿ ಬರುತ್ತದೆ. ಮೇಲೆ ಹೋದ ರಾಕೆಟ್ಟಿನ ಕೊಡೆಯನ್ನು ಹೊರಕ್ಕೆ ಒದೆಯುವುದು ಅದೇ. ಅದನ್ನು ಹಾಕಲು ಮರೆಯುವುದಕ್ಕೆ ನಮ್ಮಲ್ಲಿ ‘ವರ್ಲಿನ್ ಮಾಡೋದು’ ಎನ್ನುತ್ತಾರೆ. ನಿನ್ನೆ ಮೊನ್ನೆ ಸೇರಿದವರಿಗೂ ಈ ಮಾತು ಗೊತ್ತು, ಕಾರಣ ಗೊತ್ತಿಲ್ಲದಿದ್ದರೂ.

ಲೊರೀನ್ ಇನ್ನೊಂದು ಶೂ ಹಾಕಿಕೊಂಡಳು.

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು, ಕಾನ್ಸಾಸಿನಲ್ಲಿ ನವೆಂಬರ್ ಗಾಳಿ ಯಾರ ಮಾತೂ ಕೇಳುವುದಿಲ್ಲ. ಪಾದ್ರಿ ಟೋಪಿಯನ್ನೂ ಪುಸ್ತಕವನ್ನೂ ಒಟ್ಟಿಗೆ ಹಿಡಿದುಕೊಂಡು ಪ್ರಾರ್ಥನೆ ಮುಗಿಸಿದ. ಸಮಾಧಿಯ ಕಲ್ಲು ಆಗಲೇ ನಿಂತಿತ್ತು. ಗಂಡ ಹೆಂಡತಿ ಇಬ್ಬರ ಹೆಸರನ್ನೂ ಒಟ್ಟಿಗೇ ಕೆತ್ತಿಸಿದ್ದರು. ಲೊರೀನ್ ಹೆಸರಿನ ಕೆಳಗೆ ಹುಟ್ಟಿದ ದಿನ ಮಾತ್ರ ಇತ್ತು, ಪಕ್ಕದ ಜಾಗ ಖಾಲಿ.

ಒಬ್ಬೊಬ್ಬರೂ ಒಂದೊಂದು ಸಲಿಕೆ ಮಣ್ಣು ಹಾಕಿದರು. ಸಲಿಕೆ ಪಾದ್ರಿಯ ಕೈಗೆ ಬಂದಾಗ ಅವನು ಹಿಡಿಯ ಮೇಲಿನ ಬರಹ ಓದಿ ತುಟಿ ಬಿಗಿಹಿಡಿದ.

“ಏನ್ರೋ ಇದು, ಮಣ್ಣು ಮಾಡೋ ಕಡೇನೂ ನಿಮ್ಮ ತಮಾಷೇನಾ?” ಎಂದು ಆರ್ಡಿಸ್ ಪಿಸುಗುಟ್ಟಿದಳು. ಪಿಸುಮಾತು ಬೇಲಿಯವರೆಗೂ ಕೇಳಿಸಿತು.

“ತಮಾಷೆ ಅಲ್ಲ ಆರ್ಡಿಸ್,” ಎಂದ ಗೇಲನ್. “ಇವತ್ತು ಅವನ ದಾಖಲೇನ ಅವನೇ ಮುರಿದಿದ್ದಾನೆ. ಆರು ಅಡಿ.”

ಮೊದಲು ನಕ್ಕವಳು ಆರ್ಡಿಸ್. ಆಮೇಲೆ ಎಲ್ಲರೂ ನಕ್ಕರು, ಪಾದ್ರಿಯೂ. ವರ್ಲಿನ್ ಬಳಿ ಧಾನ್ಯದ ಲಾರಿ ತೂಗಿಸುತ್ತಿದ್ದ ರೈತನೊಬ್ಬ ಕಣ್ಣೊರೆಸಿಕೊಂಡು ಹೇಳಿದ: “ಊರಿನ ಲಾರಿಗಳನ್ನೆಲ್ಲ ಎರಡೆರಡು ಸಲ ತೂಗ್ತಿದ್ದ. ಆ ಚಿಟಿಕೆ ಪುಡಿ ಒಂದನ್ನ ಮರೆತ ನೋಡು!”

ವರ್ಲಿನ್ ಮೂವತ್ತೆಂಟು ವರ್ಷ ಧಾನ್ಯದ ಉಗ್ರಾಣದ ತೂಕದ ಕೋಣೆಯಲ್ಲಿ ಕೂತವನು. ಒಂದು ಸಲವೂ ಲೆಕ್ಕ ತಪ್ಪಿದವನಲ್ಲ, ಹಾಗಾಗಿಯೇ ಈ ಮಾತಿಗೆ ಅಷ್ಟು ರುಚಿ. ಲೊರೀನ್ ಕೂಡ ನಗಲು ನೋಡಿದಳು. ಆಗಲಿಲ್ಲ. ಇವತ್ತು ಹೇಳದಿದ್ದರೆ ಈ ಸುಳ್ಳು ಅವನ ಜೊತೆ ಮಣ್ಣಾಗುವುದಿಲ್ಲ, ಅವನ ಹೆಸರಾಗಿ ಊರಲ್ಲೇ ಉಳಿಯುತ್ತದೆ ಎನ್ನಿಸಿತು ಅವಳಿಗೆ. ಆಮೇಲೆ ತಾನೂ ಹೋದರೆ ಹೇಳುವವರೇ ಇರುವುದಿಲ್ಲ.

*

ಇಪ್ಪತ್ತಾರು ವರ್ಷದ ಹಿಂದೆ, ಚಳಿಗಾಲವಿಡೀ ವರ್ಲಿನ್ ತನಗಿಂತ ಎತ್ತರದ ಹಳದಿ ರಾಕೆಟ್ಟೊಂದನ್ನು ಕಟ್ಟಿದ್ದ. ಏಪ್ರಿಲಿನಲ್ಲಿ ಹೊಲಕ್ಕೆ ಹೋಗಿ ನೋಡಿದರೆ ಓದುವ ಕನ್ನಡಕ ಮನೆಯಲ್ಲೇ ಉಳಿದಿತ್ತು.

“ನೀನೇ ಓದ್ಕೊಂಡು ಕಟ್ಟು,” ಎಂದು ಕಿಟ್ಟನ್ನು ಲೊರೀನ್ ಕೈಗೆ ಕೊಟ್ಟ.

ಅವಳು ಕಾಗದ ನೋಡಿಕೊಂಡು ರಬ್ಬರ್ ಉಂಗುರಗಳಿಗೆ ಗ್ರೀಸ್ ಹಚ್ಚಿದಳು, ಇಂಧನದ ದಿಂಡುಗಳನ್ನು ಒಂದರ ಹಿಂದೊಂದು ಕೊಳವೆಗೆ ಇಳಿಸಿದಳು. ಅಷ್ಟರಲ್ಲಿ ಗಾಳಿಗೆ ಡೇರೆ ಎದ್ದಿತು. ವರ್ಲಿನ್ ಗೂಟ ಹಿಡಿಯಲು ಓಡಿದ. ಮೇಜಿನ ಮೇಲಿದ್ದುದೆಲ್ಲ ಹಾರತೊಡಗಿದಾಗ ಅವಳು ಪುಡಿಯ ಶೀಶೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಕೊಳವೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

“ಆಯ್ತಾ?”

“ಆಯ್ತು.”

ಹಳದಿ ರಾಕೆಟ್ ಚೆನ್ನಾಗಿಯೇ ಏರಿತು. ಮೇಲೆ ತಿರುಗಿತು. ಏನೂ ಬಿಚ್ಚಲಿಲ್ಲ. ಹೋದ ದಾರಿಯಲ್ಲೇ ಶಿಳ್ಳೆ ಹಾಕುತ್ತ ಬಂದು ಹಸಿ ಹೊಲದಲ್ಲಿ ಮುಳುಗಿಹೋಯಿತು, ನೆಲ ಕಾಲಡಿಯಲ್ಲಿ ಅದುರಿತು. ಲೊರೀನ್ ಚಳಿಗೆಂದು ಜೇಬಿಗೆ ಕೈ ಹಾಕಿದಳು. ಬೆರಳಿಗೆ ಶೀಶೆ ತಗುಲಿತು. ಜೇಬಿನೊಳಗೇ ಮುಷ್ಟಿ ಬಿಗಿದಳು.

ವರ್ಲಿನ್ ಅವಳ ಮುಖ ನೋಡಿದ. ಆಮೇಲೆ ಜೇಬು ನೋಡಿದ.

ಗೇಲನ್ ಓಡಿಬಂದ. “ಪುಡಿ ಹಾಕಿದ್ಯೇನೋ?”

“ಮರೆತೇಬಿಟ್ಟೆ ಕಣೋ,” ಎಂದ ವರ್ಲಿನ್.

ಮನೆಗೆ ಹೋಗುವ ದಾರಿಯಲ್ಲಿ, ಸಲಿಕೆ ಹಿಂದಿನ ಸೀಟಿನಲ್ಲಿ ಗಡಗಡ ಎನ್ನುತ್ತಿರುವಾಗ, ಅವಳು ಕೇಳಿದಳು: “ಯಾಕೆ ಹಾಗಂದೆ?”

“ನನ್ನ ಆಡ್ಕೊಂಡ್ರೆ ನಾನು ಮುಂದಿನ ತಿಂಗಳೂ ಹೋಗ್ತೀನಿ. ನಿನ್ನ ಆಡ್ಕೊಂಡ್ರೆ ನೀನು ಮತ್ತೆ ಆ ಕಡೆ ತಲೆ ಹಾಕಲ್ಲ. ನೀನಿಲ್ದೆ ನಂಗೆ ಅಲ್ಲಿ ಬೇಜಾರು.”

ಮುಂದಿನ ತಿಂಗಳಿಂದ ಅವನು ಮೋಟರ್‌ಗಳನ್ನು ಮನೆಯಲ್ಲೇ ಕಟ್ಟತೊಡಗಿದ. ಎಲ್ಲ ಮುಗಿಸಿ, ಕೊನೆಗೆ ಅಡುಗೆಮನೆಗೆ ತಂದು ಶೀಶೆಯನ್ನು ಅವಳ ಮುಂದಿಡುತ್ತಿದ್ದ. “ಪುಡಿ ನಿಂದು,” ಎಂದು ಕಿಟಕಿಯ ಕಡೆ ತಿರುಗಿ ಕಾಫಿ ಕುಡಿಯುತ್ತಿದ್ದ. ಲಾರಿಯನ್ನು ಎರಡು ಸಲ ತೂಗದೆ ಬಿಡದವನು, ಅವಳು ಹಾಕಿದ ಪುಡಿಯನ್ನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತೆರೆದು ನೋಡಲಿಲ್ಲ. ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದು ಅವಳು ಹೊರಟಾಗಲೆಲ್ಲ, “ಬಿಡೇ, ಚೆನ್ನಾಗಿ ರೂಢಿಯಾಗಿದೆ,” ಎನ್ನುತ್ತಿದ್ದ.

*

ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಉಪ್ಪಿನಲ್ಲಿಟ್ಟ ಸೌತೆಕಾಯಿ, ಒಂದರ ತಲೆಯ ಮೇಲೊಂದು ಕೂತ ಜೋಡಿ ಬನ್ನು, ಕಾಫಿ ಎಲ್ಲ ಮುಗಿದ ಮೇಲೆ ನಾವು ಇಪ್ಪತ್ತು ಮಂದಿ ಹೊಲಕ್ಕೆ ಹೋದೆವು. ಜೋಳ ಕೊಯ್ದ ಹೊಲ, ಕೂಳೆ ಶೂಗಳಿಗೆ ಚುಚ್ಚುತ್ತಿತ್ತು. ಗಾಳಿ ಸ್ವಲ್ಪ ತಗ್ಗಿತ್ತು. ಗೇಲನ್ ತನ್ನ ಪಿಕಪ್ಪಿನ ಹಿಂಬಾಗಿಲು ಇಳಿಸಿ ಮೇಜು ಮಾಡಿಕೊಟ್ಟ.

ಲೊರೀನ್ ಕನ್ನಡಕ ಏರಿಸಿ ಕಾಗದ ಬಿಡಿಸಿದಳು. ಯಾರೂ ಹತ್ತಿರ ಹೋಗಲಿಲ್ಲ, ಆದರೆ ಎಲ್ಲರೂ ನೋಡುತ್ತಿದ್ದರು. ಉಂಗುರಗಳಿಗೆ ಗ್ರೀಸ್ ಹಚ್ಚುವಾಗ ಒಂದು ಉಂಗುರ ಕೈಜಾರಿ ಹಿಂಬಾಗಿಲ ಮೇಲೆ ಬಿತ್ತು.

“ನಾನು ಹಿಡ್ಕೊಳ್ಲಾ?” ಎಂದಳು ಆರ್ಡಿಸ್.

“ನೀನು ಆ ಕಾಗದ ಹಿಡ್ಕೋ, ಹಾರದ ಹಾಗೆ. ಬೇರೆ ಏನೂ ಮುಟ್ಬೇಡ.”

“ನಮ್ಮಣ್ಣನ ಜೊತೆ ಇದ್ದೂ ಇದ್ದೂ ಹಂಗೇ ಆಗಿದೀಯ.”

ದಿಂಡುಗಳು ಒಂದೊಂದಾಗಿ ಒಳಗೆ ಹೋದವು. ಕೊನೆಗೆ ಶೀಶೆ ಉಳಿಯಿತು. ಲೊರೀನ್ ಅದರ ಕೆಂಪು ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು ಪುಡಿ ಸುರಿದಳು, ಮೇಲೆ ಕಾಗದದ ಬಿಲ್ಲೆ ಅಂಟಿಸಿದಳು. ಖಾಲಿ ಶೀಶೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಮೋಟರನ್ನು ವರ್ಲಿನ್‌ನ ಕೆಂಪು ರಾಕೆಟ್ಟಿಗೆ ಸೇರಿಸಿ ತಪಾಸಣೆಯ ಮೇಜಿಗೆ ತಂದಿಟ್ಟಳು.

ತಪಾಸಣೆ ಗೇಲನ್‌ನದು. ರೆಕ್ಕೆ ಅಲುಗಿಸಿ ನೋಡಿದ, ಕೊಡೆಯ ದಾರ ಎಳೆದು ನೋಡಿದ. ಕೊನೆಯ ಪ್ರಶ್ನೆ ಕೇಳಲೇಬೇಕು, ಎಲ್ಲರನ್ನೂ ಕೇಳುತ್ತಾನೆ. ಈ ಸಲ ತಲೆ ತಗ್ಗಿಸಿಕೊಂಡು ಕೇಳಿದ.

“ಪುಡಿ ಹಾಕಿದ್ರಾ?”

ಲೊರೀನ್ ಜೇಬಿನಿಂದ ಕೈ ತೆಗೆದು ಮುಷ್ಟಿ ಬಿಚ್ಚಿದಳು. ಖಾಲಿ ಶೀಶೆ.

“ಈ ಸಲ ಹಾಕಿದೀನಿ,” ಎಂದಳು. “ಆ ಸಲ ತುಂಬಿದ ಶೀಶೆ ನನ್ನ ಜೇಬಲ್ಲೇ ಇತ್ತು, ಗೇಲನ್. ಹಳದಿ ರಾಕೆಟ್ಟಿನ ಮೋಟರ್ ಕಟ್ಟಿದ್ದು ನಾನು. ಮರೆತಿದ್ದು ನಾನು. ಅವನಲ್ಲ.”

ಪಿಕಪ್ಪಿನ ಮೇಲೆ ಕಟ್ಟಿದ್ದ ಬಾವುಟ ಪಟಪಟ ಎನ್ನುತ್ತಿತ್ತು.

“ಇಪ್ಪತ್ತಾರು ವರ್ಷ!” ಎಂದ ಗೇಲನ್. “ನಾನು ಆ ಮಾತು ಎಷ್ಟು ಸಲ ಆಡಿದೀನಿ... ಒಂದು ಸಲನಾದ್ರೂ ಬಾಯಿ ಬಿಟ್ನಾ ಆ ಪುಣ್ಯಾತ್ಮ! ಸುಮ್ನೆ ನಗ್ತಾ ಕೂತಿರ್ತಿದ್ದ!”

“ನಾನು ಇಲ್ಲಿಗೆ ಬರೋದು ನಿಲ್ಲಿಸ್ಬಾರ್ದು ಅಂತ.”

ಆರ್ಡಿಸ್ ಕಾಗದ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡು ಗ್ರೀಸು ಬಳಿದುಕೊಂಡಳು. “ಮತ್ತೆ ಇನ್ಮೇಲೆ ಇವರು ಏನನ್ಬೇಕು?” ಎಂದಳು. “ಲೊರೀನ್ ಮಾಡ್ಬೇಡ ಅನ್ಬೇಕಾ?”

“ಹೂಂ, ಹಾಗೇ ಅನ್ಲಿ,” ಎಂದಳು ಲೊರೀನ್. “ನಂಗೇನೂ ಆಗಲ್ಲ. ಮುಂದಿನ ತಿಂಗಳೂ ಬರ್ತೀನಿ.”

ಗೇಲನ್ ಹಾರಾಟದ ಅನುಮತಿ ಚೀಟಿಗೆ ಸಹಿ ಹಾಕಿದ.

ಐದರಿಂದ ಕೆಳಗೆ ಎಣಿಸಿದ್ದು ಎಲ್ಲರೂ ಸೇರಿ. ಗುಂಡಿ ಒತ್ತಿದವಳು ಲೊರೀನ್. ಹಸಿರೆಂದರೆ ಎಂಥ ಹಸಿರು! ಎಳೆ ಗೋಧಿಯ ಹಸಿರು. ಕಣ್ಣು ಮಿಟುಕಿಸುವಷ್ಟರಲ್ಲಿ ರಾಕೆಟ್ ಚುಕ್ಕಿಯಾಯಿತು, ಹೊಗೆ ಮಾತ್ರ ಉಳಿಯಿತು. ಸದ್ದು ನಿಂತಿತು. ಇನ್ನು ಏಳು ಸೆಕೆಂಡು ಕಾಯಬೇಕು, ಕೊಳವೆಯೊಳಗಿನ ಬತ್ತಿ ಉರಿದು ಪುಡಿಯನ್ನು ಮುಟ್ಟಲು ಅಷ್ಟು ಹೊತ್ತು. ಲೊರೀನ್ ತುಟಿ ಅಲುಗಿಸುತ್ತ ಎಣಿಸಿದಳು. ನಾಲ್ಕು. ಐದು. ಆರು. ಏಳಕ್ಕೆ ಏನೂ ಆಗಲಿಲ್ಲ. ಆರ್ಡಿಸ್ ಅವಳ ತೋಳು ಹಿಡಿದಳು.

ಎಂಟಕ್ಕೆ ಮೇಲೆಲ್ಲೋ ‘ಪಟ್’ ಎಂದಿತು. ಹಳೇ ಹಾಸಿಗೆ ಬಟ್ಟೆಯಿಂದ ಲೊರೀನ್ ಹೊಲಿದಿದ್ದ ಹೂವಿನ ಕೊಡೆ ಬಿಚ್ಚಿಕೊಂಡಿತು.

ನಾವು ಕೂಗಿದ ಕೂಗಿಗೆ ಪಕ್ಕದ ಹೊಲದ ದನಗಳು ಬೇಲಿಯತ್ತ ಓಡಿದವು. ಅವಳು ಕೂಗಲಿಲ್ಲ. ರಾಕೆಟ್ ತೂಗಾಡುತ್ತ ಇಳಿದು ಕೂಳೆಯ ಮೇಲೆ ಒರಗುವವರೆಗೂ ತಲೆಯೆತ್ತಿ ನೋಡುತ್ತ ನಿಂತಿದ್ದಳು. ಅವಳ ಮುಖದ ತುಂಬ ಸಂತೋಷವಿತ್ತು.

ಹೊರಡುವಾಗ ಗೇಲನ್ ಬಿಳಿ ಬಣ್ಣದ ಡಬ್ಬಿಯನ್ನೂ ಚಿಕ್ಕ ಕುಂಚವನ್ನೂ ತಂದ. ಸಲಿಕೆಯನ್ನು ಪಿಕಪ್ಪಿನ ಮೇಲೆ ಮಲಗಿಸಿ, ಚಾಕುವಿನಿಂದ ಹಳೆಯ ಹೆಸರನ್ನು ಕೆರೆಯಲು ಹೊರಟ.

“ಅದನ್ನ ಕೆರೀಬೇಡ,” ಎಂದಳು ಲೊರೀನ್. “ಕೆಳಗೆ ಬರಿ.”

ಅವನು ಅವಳ ಹೆಸರು ಬರೆದ. ಸಲಿಕೆ ನ್ಯಾಯವಾಗಿ ಅವಳ ಮನೆಗೇ ಹೋಗಬೇಕು, ಅದರಲ್ಲಿ ಎರಡು ಮಾತಿರಲಿಲ್ಲ. ಬಣ್ಣ ಹಸಿಯಾಗಿದ್ದರಿಂದ ಆರ್ಡಿಸ್ ಕಾರಿನ ಕಿಟಕಿ ಇಳಿಸಿದಳು. ಲೊರೀನ್ ಮಣ್ಣು ಮೆತ್ತಿದ ಅಲಗನ್ನು ಕಪ್ಪು ಉಡುಪಿನ ಮೇಲೇ ಇಟ್ಟುಕೊಂಡು, ಹಿಡಿಯನ್ನು ಹೊರಗೆ ಚಾಚಿ ಹಿಡಿದಳು. ಕಾರು ಸ್ಮಶಾನದ ಪಕ್ಕ ನಿಧಾನವಾಗಿ ಸಾಗಿತು. ಹಿಡಿಯ ಮೇಲೆ ಎರಡು ಹೆಸರು, ಒಂದು ಮಾಸಿದ್ದು, ಒಂದು ಇನ್ನೂ ಒಣಗದ್ದು, ಗಾಳಿಗೆ ಒಣಗುತ್ತ ಮನೆಯ ಕಡೆ ಹೊರಟವು.