ಕರಗದ ಕೇಕು

ವಿಮಾ ಕಂಪನಿಯ ತನಿಖಾಧಿಕಾರಿ ಬೇಕರಿಗೆ ಬರುವ ಮುನ್ನ ಅಕ್ಕ ತಮ್ಮನಿಂದ ಮತ್ತೊಮ್ಮೆ ಪಾಠ ಒಪ್ಪಿಸಿಕೊಂಡಳು.

"ಕಾರು ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದೆ. ಲಾಕ್ ಮಾಡಿ, ಕೇಕ್ ಕೊಡೋಕೆ ಒಳಗೆ ಹೋದೆ," ಎಂದ ತಮ್ಮ.

"ಅಷ್ಟೇ. ಒಂದಕ್ಕೆರಡು ಸೇರಿಸಬೇಡ."

"ಅವರು ಮತ್ತೆ ಮತ್ತೆ ಕೇಳಿದ್ರೆ ಅಕ್ಕಾ?"

"ನೀನೂ ಮತ್ತೆ ಮತ್ತೆ ಇದನ್ನೇ ಹೇಳು."

ನಡೆದದ್ದೇ ಬೇರೆ. ಬೇಕರಿಯ ಕಾರು ಗುಂಡಿ ಒತ್ತಿದರೆ ಚಾಲೂ ಆಗುವಂಥದ್ದು. ಒಮ್ಮೆ ಎಂಜಿನ್ ಶುರುವಾದರೆ, ಕೀ ಬೇರೆಲ್ಲೋ ಇದ್ದರೂ ಕಾರು ಓಡುತ್ತದೆ. ತಮ್ಮ ಎಂಜಿನ್ ನಿಲ್ಲಿಸದೆ, ಕೀ ಜೇಬಿಗಿಳಿಸಿ, ಕೇಕಿನ ಪೆಟ್ಟಿಗೆ ಹಿಡಿದು ಒಂದು ಮನೆಯೊಳಗೆ ಹೋಗಿದ್ದ. ತಿರುಗಿ ಬಂದಾಗ ಕಾರು ಇರಲಿಲ್ಲ. ಎಂಜಿನ್ ಚಾಲೂ ಇಟ್ಟು ಬಿಟ್ಟುಹೋದ ಕಾರಿಗೆ ಪರಿಹಾರವಿಲ್ಲ ಎಂದು ಪಾಲಿಸಿ ಸ್ಪಷ್ಟವಾಗಿ ಹೇಳಿತ್ತು. ಕಾರಿಲ್ಲದಿದ್ದರೆ ಬೇಕರಿಯೂ ಇಲ್ಲ. ವ್ಯಾಪಾರದ ಮುಕ್ಕಾಲು ಪಾಲು ಮನೆ ಮನೆಗೆ ತಲುಪಿಸುವ ಕೇಕಿನದು. ಅಕ್ಕ ಹೇಳಿಕೊಟ್ಟಂತೆಯೇ ತಮ್ಮ ಪೊಲೀಸರಿಗೆ ಹೇಳಿಕೆ ಕೊಟ್ಟು ಸಹಿ ಹಾಕಿದ್ದ.

ತನಿಖಾಧಿಕಾರಿ ಮೃದು ಮಾತಿನವನು. ಅವಳಿಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಅವಳು ಕಾರಿನ ಕೀ, ಅದರ ಬದಲಿ ಕೀ ಎರಡನ್ನೂ ಮೇಜಿನ ಮೇಲಿಟ್ಟಳು. ಆತ ಫೋಟೊ ತೆಗೆದುಕೊಂಡ. ತಮ್ಮ ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ಪಾಠ ಒಪ್ಪಿಸಿದ. ಅಷ್ಟು ಸರಾಗವಾಗಿ ಹೇಳಬಾರದಿತ್ತು ಎಂದು ಅವಳಿಗೆ ಅನ್ನಿಸಿತು.

"ಸರಿ, ಮುಗೀತು," ಎಂದು ಆತ ಪೆನ್ನಿನ ಮುಚ್ಚಳ ಹಾಕಿದ. ಗಾಜಿನ ಕಪಾಟಿನತ್ತ ನೋಡುತ್ತ, "ಕಾರಲ್ಲಿ ಇನ್ನೂ ಕೇಕ್ ಇತ್ತಾ ಮೇಡಂ?" ಎಂದು ಕೇಳಿದ.

"ಇತ್ತು ಸಾರ್. ಇನ್ನೂ ಬೇರೆ ಮನೆಗೆ ಹೋಗೋದಿತ್ತು."

"ಪಾಪ ಕಳ್ಳ! ಆ ಬಿಸಿಲಿಗೆ ಕ್ರೀಮೆಲ್ಲ ನೀರಾಗಿರುತ್ತೆ. ಚಮಚ ಹಿಡ್ಕೊಂಡೇ ಕದಿಯೋಕೆ ಬರಬೇಕಿತ್ತು."

ತಮ್ಮ ನಕ್ಕುಬಿಟ್ಟ. ಅವಳಿಗೆ ಮೈ ಉರಿಯಿತು.

"ನಮ್ಮ ಕೇಕ್ ಕರಗಲ್ಲ ಸಾರ್. ಇವತ್ತಿನವರೆಗೆ ಒಂದು ದೂರೂ ಬಂದಿಲ್ಲ. ಗಾಡಿ ನಿಂತ್ರೂ ನಾವು ಎಸಿ ನಿಲ್ಸಲ್ಲ."

ತಾನಾಡಿದ ಮಾತು ಅವಳ ಕಿವಿಗೆ ತಡವಾಗಿ ಬಿತ್ತು. ತಮ್ಮನ ನಗು ಅರ್ಧಕ್ಕೇ ನಿಂತಿತ್ತು.

"ಎಸಿ ಓಡ್ಬೇಕಂದ್ರೆ ಎಂಜಿನ್ ಓಡ್ತಿರ್ಬೇಕು. ಅವತ್ತೂ ನಿಲ್ಸಿರಲಿಲ್ವಾ?" ಆತ ಕೇಳಿದ್ದು ತಮ್ಮನನ್ನು. ದನಿ ಮೊದಲಿನಷ್ಟೇ ಮೃದುವಾಗಿತ್ತು. "ಯೋಚನೆ ಮಾಡಿ ಹೇಳಪ್ಪ. ಪೊಲೀಸರ ಹತ್ರ ಇರೋದು ನಿನ್ನ ಸಹಿ. ಸುಳ್ಳು ಅಂತಾದ್ರೆ ಕೇಸು ನಿನ್ನ ಮೇಲೇ."

ತಮ್ಮ ಅಕ್ಕನ ಮುಖ ನೋಡಿದ. ಚಿಕ್ಕಂದಿನಿಂದಲೂ ಹಾಗೆಯೇ, ಅವಳು ಕಣ್ಣಲ್ಲಿ ಹೇಳಿದ್ದನ್ನು ಅವನು ಬಾಯಲ್ಲಿ ಹೇಳುತ್ತಿದ್ದ. ಅವಳ ಕಣ್ಣಲ್ಲಿ ಏನು ಕಂಡನೋ, ಬಿಳಿಚಿದ ಮುಖದಲ್ಲೇ ಶುರುಮಾಡಿದ.

"ಕಾರು ನಿಲ್ಲಿಸಿದೆ. ಎಂಜಿನ್ ಆಫ್..."

"ಸುಮ್ಮನಿರೋ!"

ಅಕ್ಕ ತನಿಖಾಧಿಕಾರಿಯತ್ತ ತಿರುಗಿದಳು.

"ಸಾರ್, ಹಾಗೆ ಹೇಳು ಅಂತ ಹೇಳಿಕೊಟ್ಟಿದ್ದು ನಾನು. ಅವನದೇನೂ ತಪ್ಪಿಲ್ಲ."

ಆತ ಕುರ್ಚಿಯನ್ನು ಮತ್ತೆ ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಅಂಗಡಿ ಬಾಗಿಲು ಹಾಕಪ್ಪ," ಎಂದ ತಮ್ಮನಿಗೆ. "ಮೇಡಂ, ನೀವು ಕೂತ್ಕೊಳ್ಳಿ. ಮೊದಲಿಂದ ಹೇಳಿ."