ತೊಳೆದ ಮರಳು

ಗಾಜಿನ ತೊಟ್ಟಿಯೊಳಗೆ ಏನೋ ಕೆಂಪಗೆ ಅಲುಗಿತು, ಮೀನಲ್ಲ, ಮೀನು ಈಗ ಉಳಿದಿರುವುದು ಒಂದೇ, ಅದು ಪಂಪಿನ ಹಿಂದೆ ಅಡಗಿದೆ, ಇದು ಮರಳಿನ ಮೇಲಿನ ಲೋಳೆ ಪಾಚಿ, ನಿನ್ನೆ ಸಂಜೆಯಷ್ಟೇ ಹೀರಿ ತೆಗೆದಿದ್ದೆ, ಆಗಲೇ ಮತ್ತೆ ಚಾದರ ಹಾಸಿಕೊಂಡಿದೆ, ಮಾನಗೆಟ್ಟದ್ದು — ಮೇಡಂ, ಇಂಜೆಕ್ಷನ್ ಇನ್ನೂ ಹಿಡಿದಿಲ್ಲವಂತೆ, ಸರಿ ಸಿಸ್ಟರ್, ತುಟಿ ದಪ್ಪ ಅನ್ನಿಸಿದ ಮೇಲೆ ಕರೀರಿ, ಒಳಗೆ ಕುರ್ಚಿಯಲ್ಲಿ ದವಡೆ ಹಲ್ಲಿನವರು ಕಾಯುತ್ತಿದ್ದಾರೆ, ಇಲ್ಲಿ ನಾನು ಉದ್ದ ಗ್ಲೌಸು ತೊಟ್ಟು ಉಪ್ಪುನೀರಿಗೆ ಕೈ ಇಳಿಬಿಟ್ಟು ನಿಂತಿದ್ದೇನೆ, ಹಲ್ಲಿನ ಡಾಕ್ಟರಮ್ಮ ಪಾಚಿ ತೆಗೆಯುತ್ತಿದ್ದಾರೆ, ಬೆಂಚಿನ ಮೇಲೆ ಕೂತವರಿಗೆ ಒಳ್ಳೆ ತಮಾಷೆ. ಈ ತೊಟ್ಟಿ ಅಪ್ಪನದು. ನಿವೃತ್ತಿಯಾಗಿ, ಕಾಲೇಜಿನ ಲ್ಯಾಬ್ ತಪ್ಪಿ, ಕೈಕಾಲು ಕಟ್ಟಿದಂತಾಗಿದ್ದ ಅಪ್ಪ, ನಿನ್ನ ಕ್ಲಿನಿಕ್ಕಿಗೆ ಬರೋ ಮಕ್ಕಳು ಅಳೋದು ನಿಲ್ಲಿಸ್ತೀನಿ ನೋಡು ಅಂತ ತಂದಿಟ್ಟದ್ದು, ದಿನಾ ನನಗಿಂತ ಮೊದಲೇ ಬಂದು ನೀರಿನ ಉಪ್ಪು ಅಳೆಯುವುದು, ಮೀನಿಗೆ ಚಿಟಿಕೆ ತಿಂಡಿ ಸಾಕಮ್ಮ, ಮಿಕ್ಕಿದ್ದು ಕೆಳಗೆ ಬಿದ್ದು ಕೊಳೆತ್ರೆ ಪಾಚಿಗೆ ಸುಗ್ಗಿ. ಆಗ ಬಂದದ್ದು ಈ ಕೆಂಪಲ್ಲ, ಬರೀ ಕಂದು ಪುಡಿಯಂಥದ್ದು, ನನಗೆ ತಡೆಯಲಾಗಲಿಲ್ಲ, ಅಪ್ಪ ಇದೇನು ಗಲೀಜು, ಹಲ್ಲು ಕ್ಲೀನ್ ಮಾಡಿಸೋಕೆ ಬಂದವರು ಏನಂದ್ಕೋಬೇಕು, ಗಲೀಜಲ್ಲಮ್ಮ, ಹೊಸ ಮರಳಿಗೆ ಇದು ಬಂದೇ ಬರತ್ತೆ, ಸುಮ್ನಿದ್ರೆ ತಾನೇ ಹೋಗತ್ತೆ. ಸುಮ್ಮನಿರಬೇಕಂತೆ, ಹಲ್ಲಿನ ಮೇಲೆ ಕಂಡದ್ದನ್ನೆಲ್ಲ ಕೆರೆದು ಹೊಟ್ಟೆ ಹೊರೆಯುವವಳು. ಅಪ್ಪ ಯಾರದೋ ಮದುವೆಗೆ ಹೋದ ಭಾನುವಾರ ಮರಳನ್ನಷ್ಟೂ ಬಕೆಟ್ಟಿಗೆ ತೋಡಿ, ನಲ್ಲಿಯ ಕೆಳಗೆ ಅಕ್ಕಿ ತೊಳೆದ ಹಾಗೆ ತೊಳೆದೆ, ಎಷ್ಟು ಬೆಳ್ಳಗಾಯಿತು, ಅಪ್ಪ ಖುಷಿಪಡುತ್ತಾರೆ ಅಂದುಕೊಂಡೆ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಮೀನಿನ ಹೊಲಸು ಅರಗಿಸುವ ಕಣ್ಣಿಗೆ ಕಾಣದ ಜೀವಗಳು ಇದ್ದದ್ದೇ ಆ ಮರಳಿನಲ್ಲಿ, ನಲ್ಲಿಯ ಕ್ಲೋರಿನ್ನಿಗೆ ಅಷ್ಟೂ ಸತ್ತವು, ನೀರು ಮಬ್ಬಾಯಿತು, ಮೀನುಗಳು ಒಂದೊಂದಾಗಿ ಮಗ್ಗುಲಾದವು, ಖಾಲಿ ಮರಳಿಗೆ ಈ ಕೆಂಪು ಲೋಳೆ ನುಗ್ಗಿತು. ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬಲೆ ತೊಳೆದು ಒಣಹಾಕಿ, ಕ್ಲಿನಿಕ್ಕಿನ ಬೀಗದ ಕೈ ಮೇಜಿನ ಮೇಲಿಟ್ಟು, ನಿನ್ನ ಜಾಗ, ನಿನ್ನಿಷ್ಟಮ್ಮ ಅಂದು ಹೋದವರು ಈ ಕಡೆ ತಲೆ ಹಾಕಿಲ್ಲ.

ಯಾಕೆ ತೊಳೆದೆನೋ, ಕೈಕಟ್ಟಿ ಕೂರಬಾರದಿತ್ತೇ, ಈಗ ಎಲ್ಲ ಕಲಿತಿದ್ದೇನೆ, ತೊಟ್ಟಿಯ ದೀಪ ಸ್ವಲ್ಪ ಹೊತ್ತು ಮಾತ್ರ, ಚಿಟಿಕೆಯಲ್ಲೂ ಅರ್ಧ, ಒಂದು ಸಲಕ್ಕೆ ಒಂದೇ ಮೂಲೆ, ಮರಳು ಕೆದಕದೆ ಮೇಲಿನ ಲೋಳೆಯನ್ನಷ್ಟೇ ಕೊಳವೆಯಿಂದ ಹೀರಿ — ಒಂದು ಮೂಲೆಯಾದರೂ ತಿಳಿಯಾಗಿದೆ, ಅಪ್ಪ ನೀವೇ ಬಂದು ನೋಡಿ ಅನ್ನೋಣವೆಂದು ಬೆಳಿಗ್ಗೆ ಧೈರ್ಯ ಮಾಡಿ ಫೋನ್ ಮಾಡಿದೆ, ತೆಗೆದದ್ದು ಅಮ್ಮ, ಅಪ್ಪ ಮಾತಾಡೋ ಹಾಗಿಲ್ಲ, ಬಾಯಲ್ಲಿ ಹತ್ತಿ ಇದೆ, ಹತ್ತಿ ಯಾಕಮ್ಮ, ಹಲ್ಲು ಕೀಳಿಸ್ಕೊಂಡ್ ಬಂದ್ರು, ವಾರದಿಂದ ನೋವು, ಕೆನ್ನೆ ಊದಿತ್ತು, ನಿನಗೆ ಹೇಳೋಣ ಅಂದ್ರೆ ಬೇಡ ಅಂದ್ರು, ಮಾರ್ಕೆಟ್ ಹತ್ರ ಯಾರೋ ಹೊಸ ಡಾಕ್ಟರಂತೆ — ಮೇಡಂ, ತುಟಿ ದಪ್ಪ ಆಗಿದೆಯಂತೆ, ಬಂದೆ, ಯಾವ ಹಲ್ಲು ಅಂತಲೂ ಅಮ್ಮನನ್ನು ಕೇಳಲಿಲ್ಲ, ಬಲಗಡೆ ಕೆಳಗಿನದೇ ಇರಬೇಕು, ನನ್ನ ಹತ್ತಿರ ಬಂದಿದ್ದರೆ ಉಳಿಸುತ್ತಿದ್ದೆ, ಓದುವಾಗ ನಾನು ಮೊಟ್ಟಮೊದಲು ನೋಡಿದ ಬಾಯಿ ಅದು, ಹೆದರ್ಬೇಡ, ಸರಿಯಾಗಿ ನೋಡು ಅಂತ ಬಾಯಿ ತೆರೆದುಕೊಂಡೇ ಗೊಣಗಿದವರು — ಬಂದೆ ಸಿಸ್ಟರ್, ಗ್ಲೌಸು ಬದಲಿಸುತ್ತೇನೆ, ಕುರ್ಚಿಯ ದೀಪ ತಗ್ಗಿಸುತ್ತೇನೆ, ಬಾಯಿ ತೆಗೀರಿ ಅನ್ನುತ್ತೇನೆ, ಕಾಣುವುದು ಅದೇ, ಬೆಳಗಿನಿಂದ ಅದೇ, ಯಾರದೋ ಕುರ್ಚಿ, ಯಾರದೋ ದೀಪ, ಅದರ ಕೆಳಗೆ ಅಪ್ಪನ ತೆರೆದ ಬಾಯಿ.